ಎಂಜಿನ್ನಿಗೆ ಗಾಳಿ ಊದುವವರು ಇಬ್ಬರು

ಮಕ್ಕಳೇ, ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಎಷ್ಟು ಗಾಳಿ ಬೇಕು ಗೊತ್ತೇ? ಹತ್ತಿರ ಹತ್ತಿರ 10,000 ಲೀಟರ್! ಅಷ್ಟು ಗಾಳಿ ಸುಮಾರು 12 ಕೆ.ಜಿ. ತೂಗುತ್ತದೆ. ಡೀಸೆಲ್ಲನ್ನು ಪಂಪು ಬೇಕಾದಷ್ಟು ಚಿಮ್ಮಿಸಬಲ್ಲದು. ಕೊರತೆ ಬೀಳುವುದು ಗಾಳಿಗೇ. ಪಿಸ್ಟನ್ ಕೆಳಗಿಳಿದಾಗ ತಾನಾಗಿ ಒಳಗೆ ಬರುವ ಗಾಳಿಗೆ ಒಂದು ಮಿತಿ ಇದೆ. ಅದನ್ನು ದಾಟಬೇಕೆಂದರೆ ಗಾಳಿಯನ್ನು ಒತ್ತಿ ತುಂಬಬೇಕು. ಹಾಗೆ ತುಂಬುವ ಯಂತ್ರಗಳೇ ಸೂಪರ್‌ಚಾರ್ಜರ್ ಮತ್ತು ಟರ್ಬೊಚಾರ್ಜರ್. ಕೆಲಸ ಒಂದೇ, ಸ್ವಭಾವ ಮಾತ್ರ ಬೇರೆ ಬೇರೆ.

ಆ ವ್ಯತ್ಯಾಸ ತಿಳಿಯಲು ಮೊದಲು ನಿಡೋಣಿ ಎಂಬ ಊರಿನ ಕಡೆ ಎರೆ ಹೊಲದಿಂದ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ರಸ್ತೆಗೆ ಏರುವುದನ್ನು ದೂರ ನಿಂತು ನೋಡಿ. ಡ್ರೈವರ್ ಒಂದನೇ ಗೇರ್ ಹಾಕಿ ಮೆಲ್ಲಗೆ ಕ್ಲಚ್ ಬಿಡುತ್ತಾನೆ. ಆಗ ಬೇಕಾದದ್ದು ವೇಗವಲ್ಲ, ಎಳೆತ. ಚಕ್ರವನ್ನು ತಿರುಗಿಸುವ ಆ ಬಲವೇ ಟಾರ್ಕ್. ಬಿಗಿದು ಕೂತ ನಟ್ಟಿಗೆ ಪಾನಾ ಹಾಕಿ ತಿರುವುವಾಗ ನಿಮ್ಮ ಕೈ ಕೊಡುವುದೂ ಟಾರ್ಕೇ. ಪವರ್ ಅಂದರೆ ಆ ಟಾರ್ಕನ್ನು ಎಷ್ಟು ಬೇಗ ಬೇಗ ಕೊಡುತ್ತೀರಿ ಎಂಬ ಲೆಕ್ಕ. ಟಾರ್ಕ್ ಅಷ್ಟೇ ಇದ್ದು ಎಂಜಿನ್ನಿನ ಸುತ್ತು ಎರಡರಷ್ಟಾದರೆ ಪವರ್ ಕೂಡ ಎರಡರಷ್ಟು.

ಸೂಪರ್‌ಚಾರ್ಜರನ್ನು ಬೆಲ್ಟಿನಿಂದಲೋ ಗೇರಿನಿಂದಲೋ ಎಂಜಿನ್ನಿನ ಕ್ರ್ಯಾಂಕಿಗೇ ಜೋಡಿಸಿರುತ್ತಾರೆ. ಎಂಜಿನ್ ತಿರುಗಿತೆಂದರೆ ಅದೂ ತಿರುಗಿತು. ಎಕ್ಸಲರೇಟರ್ ಒತ್ತಿದ ಕೂಡಲೇ ಗಾಳಿ, ಗಾಳಿಯ ಬೆನ್ನಿಗೇ ಎಳೆತ. ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೂ ಟಾರ್ಕ್ ಸಿಗುತ್ತದೆ. ಅಮೆರಿಕದ ರೂಟ್ಸ್ ಸೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರ ಕಬ್ಬಿಣ ಕರಗಿಸುವ ಕುಲುಮೆಗೆ ಗಾಳಿ ಊದುತ್ತಿತ್ತು; ಅದೇ ಮಾದರಿ ಮುಂದೆ ಕಾರಿನ ಎಂಜಿನ್ ಮೇಲೆ ಬಂದು ಕೂತಿತು. ತೊಂದರೆ ಏನೆಂದರೆ, ಅದನ್ನು ತಿರುಗಿಸಲು ಎಂಜಿನ್ ತನ್ನ ಪವರಿನಲ್ಲೇ ಪಾಲು ಕೊಡಬೇಕು. ಕೊಟ್ಟ ಪಾಲಿಗೂ ಡೀಸೆಲ್ಲೋ ಪೆಟ್ರೋಲೋ ಸುಡಬೇಕಲ್ಲ?

ಟರ್ಬೊಚಾರ್ಜರ್ ಬದುಕುವುದು ಎಂಜಿನ್ ಬಿಸಾಡುವ ಹೊಗೆಯಿಂದ. ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಸೈಲೆನ್ಸರಿನಿಂದ ಬಿಸಿಯಾಗಿ ಹೊರಟುಹೋಗುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ 1905ರಲ್ಲಿ ಪೇಟೆಂಟ್ ಪಡೆದದ್ದು ಇದನ್ನು ದುಡಿಸಿಕೊಳ್ಳುವ ಉಪಾಯಕ್ಕೆ. ಒಂದೇ ದಂಡಕ್ಕೆ ಎರಡು ಚಕ್ರ: ಒಂದನ್ನು ಬಿಸಿ ಹೊಗೆ ತಿರುಗಿಸುತ್ತದೆ, ಇನ್ನೊಂದು ಹೊಸ ಗಾಳಿಯನ್ನು ಒಳಕ್ಕೆ ಒತ್ತುತ್ತದೆ. ಸಣ್ಣ ಗಾಡಿಗಳ ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ!

ಆದರೆ ಹೊಗೆ ಜೋರಾಗುವವರೆಗೆ ಟರ್ಬೊಗೂ ಜೋರು ಬರುವುದಿಲ್ಲ. ಕಾಲು ಒತ್ತಿದ ಮೇಲೆ ಒಂದು ಕ್ಷಣ ತಡೆದು, ಆಮೇಲೆ ಒಮ್ಮೆಲೇ ಪಿಕಪ್ ಬರುವುದು ಇದರಿಂದಲೇ. ಹಳೇ ಲಾರಿ ದಿಬ್ಬ ಹತ್ತಲು ಶುರುಮಾಡಿದಾಗ ಭುಸ್ಸೆಂದು ಕಪ್ಪು ಹೊಗೆ ಬಿಡುತ್ತದಲ್ಲ, ಅದಕ್ಕೆ ಹಲವು ಸಲ ಇದೇ ಕಾರಣ. ಡೀಸೆಲ್ ಬಂದಿದೆ, ಗಾಳಿ ಇನ್ನೂ ಬಂದಿಲ್ಲ. ಅರೆಬೆಂದ ಡೀಸೆಲ್ ಮಸಿಯಾಗಿ ಹೊರಬರುತ್ತದೆ. ಟರ್ಬೊ ಸುತ್ತು ಹಿಡಿದಮೇಲೆ ಹೊಗೆ ತಿಳಿಯಾಗುತ್ತದೆ.

ಟರ್ಬೊದ ಶಕ್ತಿ ಎಷ್ಟೆಂದು 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ತೋರಿಸಿದರು. 14,000 ಅಡಿಗೂ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ಮೇಲೆ ಗಾಳಿ ತೆಳು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ವಿಮಾನದ ಎಂಜಿನ್ ಅಲ್ಲಿ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ 356 ಕೊಟ್ಟಿತು.

ಸೂಪರ್‌ಚಾರ್ಜರಿನ ಚುರುಕು, ಟರ್ಬೊದ ಉಳಿತಾಯ ಎರಡೂ ಒಂದೇ ಕಡೆ ಸಿಗುವಂತಿದ್ದರೆ? ನನಗೆ ಬಹಳ ಇಷ್ಟವಾದ ಉತ್ತರ ನಮ್ಮ ಹುಬ್ಬಳ್ಳಿಯ ಡೀಸೆಲ್ ಲೋಕೊ ಶೆಡ್ಡಿನಲ್ಲಿದೆ. 1999ರಲ್ಲಿ ಭಾರತಕ್ಕೆ ಬಂದ ಡಬ್ಲ್ಯುಡಿಜಿ-4 ಎಂಬ ಗೂಡ್ಸ್ ರೈಲಿನ ಎಂಜಿನ್ನುಗಳಿಗೆ ಆ ಶೆಡ್ಡು ಮನೆ. 16 ಸಿಲಿಂಡರ್, 4,000 ಅಶ್ವಶಕ್ತಿ. ಇದು ಎರಡು ಸ್ಟ್ರೋಕಿನ ಎಂಜಿನ್; ಸಿಲಿಂಡರಿನೊಳಗಿನ ಹೊಗೆಯನ್ನು ಹೊಸ ಗಾಳಿಯೇ ತಳ್ಳಿ ಹೊರಹಾಕಬೇಕು. ಊದುವ ಗಾಳಿ ಇಲ್ಲದಿದ್ದರೆ ಅದು ಓಡುವುದೇ ಇಲ್ಲ. ಅದಕ್ಕೆ ಅದರ ಟರ್ಬೊವನ್ನು ಗೇರುಗಳಿಂದಲೂ ಎಂಜಿನ್ನಿಗೆ ಜೋಡಿಸಿದ್ದಾರೆ. ರೈಲು ಹೊರಡುವಾಗ ಆ ಗೇರುಗಳೇ ಟರ್ಬೊವನ್ನು ತಿರುಗಿಸುತ್ತವೆ, ಅಂದರೆ ಆಗ ಅದು ಸೂಪರ್‌ಚಾರ್ಜರ್. ಲೋಕೊ ಪೈಲಟ್ ಎಂಜಿನ್ನಿನ ಜೋರು ಹೆಚ್ಚಿಸುವ ಹಿಡಿಯನ್ನು ಮೇಲಿನ ನಾಚುಗಳಿಗೆ, ಅಂದರೆ ಮೇಲಿನ ಹಂತಗಳಿಗೆ, ಏರಿಸಿ, ಹೊಗೆಗೆ ಸಾಕಷ್ಟು ಕಸುವು ಬಂತೆಂದರೆ ಟರ್ಬೊ ಗೇರಿಗಿಂತ ಬೇಗ ಸುತ್ತತೊಡಗುತ್ತದೆ. ಆಗ ನಡುವಿನ ಕ್ಲಚ್ಚು ತಾನಾಗಿ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದು ಪೂರ್ತಿ ಟರ್ಬೊ. ಎಂಜಿನ್ನಿನ ಪವರ್ ಕೇಳುವುದಿಲ್ಲ. ಯಾರೂ ಗುಂಡಿ ಒತ್ತಬೇಕಿಲ್ಲ.

ಹೊಲದಲ್ಲಿ ತಾಸುಗಟ್ಟಲೆ ಒಂದೇ ಸಮನೆ ದುಡಿಯುವ ಟ್ರ್ಯಾಕ್ಟರಿಗೂ ದೂರ ಓಡುವ ಲಾರಿಗೂ ಟರ್ಬೊ ಒಂದೇ ಸಾಕು. ಎಂಜಿನ್ ಹದವಾದ ಸುತ್ತಿನಲ್ಲೇ ಇರುವುದರಿಂದ ಆ ಕ್ಷಣದ ತಡ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಡೀಸೆಲ್ ಉಳಿಯುವುದೇ ರೈತನಿಗೆ ದೊಡ್ಡದು.

ನಿಮ್ಮ ಮನೆಯ ಗಾಡಿಗೆ ಟರ್ಬೊ ಇದ್ದರೆ ಹಿರಿಯರಿಗೆ ಒಂದು ಮಾತು ಹೇಳಿ. ಭಾರ ಎಳೆದು ಬಂದ ಕೂಡಲೇ ಎಂಜಿನ್ ಆರಿಸಿದರೆ ಟರ್ಬೊದ ಬೇರಿಂಗಿಗೆ ಎಣ್ಣೆ ಹೋಗುವುದು ನಿಲ್ಲುತ್ತದೆ. ಕೆಂಡದಂತೆ ಕಾದ ಚಕ್ರದ ಬಿಸಿಗೆ ಅಲ್ಲಿದ್ದ ಎಣ್ಣೆ ಸುಟ್ಟು ಕರಿಗಟ್ಟುತ್ತದೆ. ಆರಿಸುವ ಮೊದಲು ಒಂದೆರಡು ನಿಮಿಷ ಸಣ್ಣಗೆ ಓಡಲು ಬಿಡಿ ಎನ್ನಿ.