ಮನೆತನದ ಸಿರಿಯೂ ಮುಚ್ಚಿಟ್ಟ ಋಣವೂ

(ವಾಚನಾಲಯವೊಂದರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಆಸ್ತಿಯ ವ್ಯಾಜ್ಯವು ಬಂದಾಗ ವಕೀಲನು ಮೊದಲು ಕೇಳುವ ಮಾತು ಒಂದೇ: ಈ ಸ್ವತ್ತು ನಿಮಗೆ ಬಂದುದು ಹೇಗೆ? ಈ ಹೊತ್ತು ಆ ಪ್ರಶ್ನೆಯನ್ನು ಇಂಗ್ಲೆಂಡಿನ ಒಂದು ಹೆಸರಾಂತ ಮನೆತನಕ್ಕೆ ಹಾಕಿ ನೋಡೋಣ.

ನಾಲ್ಕು ಸಲ ಇಂಗ್ಲೆಂಡಿನ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್ನನನ್ನು ಉದಾರ ಪಕ್ಷದ ಧುರೀಣನೆಂದು ನಾವು ಓದಿದ್ದೇವೆ. ಆತನ ತಂದೆ ಜಾನ್ ಗ್ಲಾಡ್‌ಸ್ಟನ್ ಲಿವರ್‌ಪೂಲಿನ ವರ್ತಕನು. ದಕ್ಷಿಣ ಅಮೇರಿಕೆಯ ಡೆಮೆರಾರಾದಲ್ಲಿ, ಎಂದರೆ ಇಂದಿನ ಗಯಾನಾದಲ್ಲಿ, ಅವನಿಗೆ ಕಬ್ಬಿನ ತೋಟಗಳಿದ್ದವು. ಆ ನೆಲವನ್ನು ಅವನು ಒಮ್ಮೆಯೂ ಮೆಟ್ಟಿದವನಲ್ಲ. ದುಡಿದು ಸತ್ತವರು ಆಫ್ರಿಕೆಯ ಗುಲಾಮರು. 1823ರಲ್ಲಿ ಅವನ ‘ಸಕ್ಸೆಸ್’ ತೋಟದಲ್ಲಿಯೇ ದಂಗೆ ತಲೆಯೆತ್ತಿತು; ಸರಕಾರವು ಅದನ್ನು ರಕ್ತಪಾತದಿಂದ ಅಡಗಿಸಿತು. 1833ರಲ್ಲಿ ಮಗನು ಪಾರ್ಲಿಮೆಂಟಿನಲ್ಲಿ ತಂದೆಯ ತೋಟಗಳ ಪಕ್ಷವನ್ನು ವಹಿಸಿ ಮಾತನಾಡಿದನು.

ಅದೇ ವರ್ಷ ಗುಲಾಮಗಿರಿಯನ್ನು ತೊಡೆಯುವ ಕಾಯಿದೆಯಾಯಿತು. ಪರಿಹಾರವೆಂದು 2 ಕೋಟಿ ಪೌಂಡುಗಳು ಮಂಜೂರಾದುವು. ಯಾರಿಗೆ? ಚಾವಟಿಯ ಏಟು ತಿಂದವರಿಗಲ್ಲ, ಚಾವಟಿಯ ಒಡೆಯರಿಗೆ! 2,508 ಮಂದಿ ಗುಲಾಮರ ಲೆಕ್ಕದಲ್ಲಿ ಜಾನ್ ಗ್ಲಾಡ್‌ಸ್ಟನ್ನನಿಗೆ ಸಂದುದು 1,06,769 ಪೌಂಡು. ಇದಕ್ಕಾಗಿ ಸರಕಾರವು ಎತ್ತಿದ ಸಾಲದ ಕಡೆಯ ಬಾಕಿಯು ತೀರಿದುದು 2015ರಲ್ಲಿ.

ಇಲ್ಲಿಗೇ ಕಥೆಯು ಮುಗಿಯಲಿಲ್ಲ. ಗುಲಾಮರು ಕೈತಪ್ಪುವರೆಂದು ತಿಳಿದ ಈ ಧಣಿಯು 1836ರಲ್ಲಿ ಕಲಕತ್ತೆಗೆ ಪತ್ರ ಬರೆದು ನಮ್ಮ ದೇಶದ ಕೂಲಿಗಳನ್ನು ಬೇಡಿದನು. 1838ರ ಮೇ 5ರಂದು ‘ವ್ಹಿಟ್‌ಬಿ’, ‘ಹೆಸ್ಪೆರಸ್’ ಎಂಬೆರಡು ಹಡಗುಗಳು ಭಾರತದ ಕೂಲಿಗಳನ್ನು ಡೆಮೆರಾರಾಕ್ಕೆ ಮುಟ್ಟಿಸಿದುವು. ಗುಲಾಮಗಿರಿಯು ಹೋಗಿ ಕರಾರು ಬಂದಿತು. ತೋಟ ಅದೇ, ಬಿಸಿಲು ಅದೇ, ಧಣಿಯೂ ಅವನೇ. ಮುಂದೆ ಆ ದಾರಿಯಲ್ಲಿ 2 ಲಕ್ಷಕ್ಕೂ ಮಿಕ್ಕಿ ನಮ್ಮವರು ಕಡಲು ದಾಟಿದರು.

ಈ ಗುಟ್ಟು ನೆಲಮಾಳಿಗೆಯಲ್ಲಿ ಹೂತದ್ದಲ್ಲ. ಸರಕಾರದ ದಫ್ತರದಲ್ಲಿಯೇ ಇತ್ತು. ಓದುವವರಿರಲಿಲ್ಲ. ಲಂಡನ್ನಿನ ವಿದ್ವಾಂಸರು ಆ ಲೆಕ್ಕಗಳನ್ನು 2013ರಲ್ಲಿ ಸರ್ವರಿಗೂ ತೆರೆದಿಟ್ಟರು. 2023ರ ಆಗಸ್ಟಿನಲ್ಲಿ ಆ ವಂಶದವರು ಗಯಾನಾಕ್ಕೆ ಹೋಗಿ ತುಂಬಿದ ಸಭೆಯಲ್ಲಿ ಕ್ಷಮೆ ಬೇಡಿದರು.

“ಅಜ್ಜನ ಪಾಪಕ್ಕೆ ಮೊಮ್ಮಗನೇಕೆ ಹೊಣೆ?” ಎಂದು ಕೆಲವರು ಕೇಳುವರು. ನಮ್ಮ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನ ನಾಡಿನವರಿಗೆ ಈ ಪ್ರಶ್ನೆಯು ಹೊಸದಲ್ಲ. ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮವೆಂದು ನಮ್ಮ ಶಾಸ್ತ್ರವು ಸಾರಿತ್ತು. 2005ರ ತಿದ್ದುಪಡಿಯು ಮುಂದಿನ ಸಾಲಗಳಿಗೆ ಆ ನಿಯಮವನ್ನು ಕೈಬಿಟ್ಟಿದೆ, ನಿಜ. ಆದರೆ ಸಿರಿಯನ್ನು ಉಂಡವನು ಋಣವನ್ನು ಅರಿಯಬೇಕೆಂಬ ನ್ಯಾಯವು ಕಾಯಿದೆಗಿಂತ ಹಿರಿದು.

ಉಪಾಧ್ಯಾಯ ಬಂಧುಗಳೇ, ಪರರ ಮನೆಯನ್ನು ಬೆರಳೆತ್ತಿ ತೋರಿಸಿದರೆ ನಮ್ಮ ಕೆಲಸವು ಮುಗಿಯದು. ಅಪ್ಪನ ಸಾಲಕ್ಕಾಗಿ ಮಗನನ್ನು ಜೀತಕ್ಕಿಟ್ಟುಕೊಂಡ ದೊಡ್ಡ ಮನೆಗಳು ನಮ್ಮ ಊರುಗಳಲ್ಲಿಯೂ ಇದ್ದುವು. ಜೀತವನ್ನು ಅಳಿಸುವ ಕಾಯಿದೆಯಾದುದು 1976ರಲ್ಲಿ. ಬಡವನ ಮಗನಿಂದ ತಂದೆಯ ಸಾಲವನ್ನು ಬಡ್ಡಿಸಹಿತ ವಸೂಲು ಮಾಡಿದ ಸಮಾಜವು, ಸಿರಿವಂತನ ಮೊಮ್ಮಗನೊಡನೆ ಋಣದ ಮಾತೆತ್ತಲು ನಾಚುವುದೇಕೆ? ನಿಮ್ಮ ಮಕ್ಕಳಿಗೆ ಅರಸರ ಇಸವಿಗಳನ್ನು ಕಲಿಸುವಂತೆ ಹಳೆಯ ಖಾತೆಪುಸ್ತಕವನ್ನು ಓದುವುದನ್ನೂ ಕಲಿಸಿರಿ.