ಹಿತ್ತಲಿಗೆ ಬರುವವರ ಲೆಕ್ಕ

(ಸಂಘದ ಬೆಳ್ಳಿ ಹಬ್ಬದ ರೈತ ಗೋಷ್ಠಿಯಲ್ಲಿ ನಮ್ಮ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳಗಿನಿಂದ ಎಲ್ಲರೂ ಷೇರು, ಸಾಲ, ಬಡ್ಡಿ, ಗೊಬ್ಬರದ ವಿಷಯ ಮಾತಾಡಿದ್ದಾರೆ. ನಮಗೆ ಕೊಟ್ಟ ವಿಷಯ ‘ಮನೆಯ ಹಿತ್ತಲಿಗೆ ಬರುವ ಪ್ರಾಣಿ ಪಕ್ಷಿಗಳು’. ಇದನ್ನು ಕಾರ್ಯದರ್ಶಿಗಳು ಓದಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ, ತಪ್ಪಿಲ್ಲ. ನಾವು ಎಸ್.ಎಸ್.ಎಲ್.ಸಿ. ತನಕ ಓದಿದವರು, ಪ್ರಾಣಿಶಾಸ್ತ್ರ ಬಲ್ಲವರಲ್ಲ. ಆದರೆ ಈ ವಿಷಯಕ್ಕೂ ನಮ್ಮ ಸಂಘದ ಗೋದಾಮಿಗೂ ಸಂಬಂಧ ಐತಿ. ಅದನ್ನು ಕೊನೆಗೆ ಹೇಳುತ್ತೇವೆ, ಅಲ್ಲೀತನಕ ಯಾರೂ ಏಳಬಾರದು.

ನಮ್ಮ ಲಿಂಗಸುಗೂರು ಸೀಮೆ ಕಾಡಿನ ಸೀಮೆ ಅಲ್ಲ. ಎರೆ ಹೊಲ, ಮಸಾರಿ ಹೊಲ, ಕಲ್ಲು ಗುಡ್ಡ, ಜಾಲಿಗಿಡ. ಬಳ್ಳಾರಿ, ಕೊಪ್ಪಳದ ಗುಡ್ಡದ ಕಡೆ ಕರಡಿ ತೋಟಕ್ಕೆ ಇಳಿಯುತ್ತದೆ, ಅವುಗಳಿಗಾಗಿಯೇ 1994ರಲ್ಲಿ ದರೋಜಿಯಲ್ಲಿ ಕರಡಿಧಾಮ ಆಯಿತು. ನಮ್ಮ ಹಿತ್ತಲಿಗೆ ಅಷ್ಟು ದೊಡ್ಡವರು ಬರುವುದಿಲ್ಲ. ಬರುವವರು ಸಣ್ಣವರು. ಬಚ್ಚಲ ನೀರು ಹರಿಯುವ ಕಡೆ ಎರಡು ಬಾಳೆ, ಒಂದು ನುಗ್ಗೆ, ಒಂದು ಕರಿಬೇವು, ಒಂದು ಪೇರಲ, ಬೇಲಿಗೆ ಹೀರೇಬಳ್ಳಿ. ಇಷ್ಟು ಇದ್ದರೆ ಸಾಕು, ಅಳಿಲು, ಗೊರವಂಕ, ಬೆಳವ, ಗಿಳಿ, ಓತಿಕ್ಯಾತ, ಮುಂಗುಸಿ, ರಾತ್ರಿ ಬಾವಲಿ, ಮಳೆಗಾಲದಾಗ ಕಪ್ಪೆ, ಕಪ್ಪೆಯ ಹಿಂದೆ ಹಾವು, ಎಲ್ಲರೂ ಬರುತ್ತಾರೆ. ಸಿಂಪಿಗ ಹಕ್ಕಿ ಅಂತ ಒಂದು ಐತಿ, ಹೆಬ್ಬೆರಳಿನಷ್ಟು ದಪ್ಪ ಇಲ್ಲ, ಅಗಲ ಎಲೆಯನ್ನು ಮಡಚಿ ನಾರಿನಿಂದ ಹೊಲಿದು ಒಳಗೆ ಗೂಡು ಮಾಡುತ್ತದೆ. ನಮ್ಮ ಮನೆಯವರು ಅದನ್ನು ಬದನೆ ಗಿಡದಲ್ಲಿ ಕಂಡು ಒಂದು ತಿಂಗಳು ಆ ಗಿಡದ ಕಾಯಿ ಹರಿಯಲಿಲ್ಲ.

‘ಹಿತ್ತಲ ಗಿಡ ಮದ್ದಲ್ಲ’ ಅಂತ ಗಾದೆ ಇದೆ. ಹಿತ್ತಲ ಹಕ್ಕಿಯ ಗತಿಯೂ ಅದೇ. ದಿನಾ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲು ಗುಬ್ಬಿಯ ಮಾತು. ನಾವು ಸಣ್ಣವರಿದ್ದಾಗ ಊರಿನಲ್ಲಿ ಮಣ್ಣಿನ ಮಾಳಿಗೆ ಮನೆಗಳೇ ಹೆಚ್ಚು. ಜಂತಿಯ ಸಂದಿ, ಗೋಡೆಯ ಗೂಡು, ಬೆಳಕಿಂಡಿ, ಎಲ್ಲೆಲ್ಲೂ ಗುಬ್ಬಿ. ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುವಾಗ ಮೇಲಿಂದ ಹುಲ್ಲುಕಡ್ಡಿ ಹಿಟ್ಟಿನಲ್ಲಿ ಬಿದ್ದು ಅವ್ವ ಬೈಯುತ್ತಿದ್ದಳು. ಈಗ ಎಲ್ಲರದೂ ಆರ್.ಸಿ.ಸಿ. ಮನೆ, ಸಂದಿಯೇ ಇಲ್ಲ. ಜೋಳ ಬೀಸುವ, ಹಸನು ಮಾಡುವ ಕೆಲಸವೂ ಅಂಗಳದಲ್ಲಿ ಇಲ್ಲ. ಗುಬ್ಬಿ ಎಲ್ಲಿ ಹೋದಾವು ಅಂತ ಕೇಳುತ್ತೇವೆ, ಮನೆಯಿಂದ ಬಿಡಿಸಿದವರು ನಾವೇ. 2010ರಿಂದ ಮಾರ್ಚ್ 20ನೇ ತಾರೀಖು ಗುಬ್ಬಿಯ ದಿನ ಅಂತ ಮಾಡುತ್ತಾರೆ, ಶಾಲೆಯ ಮಕ್ಕಳು ರಟ್ಟಿನ ಡಬ್ಬಿ ಕಟ್ಟುತ್ತಾರೆ. ಒಳ್ಳೆಯದೇ.

ಗುಬ್ಬಿ ಕಾಳು ತಿನ್ನುವುದು ನಿಜ. ಆದರೆ ಮರಿಗೆ ಕಾಳು ತಿನಿಸುವುದಿಲ್ಲ, ಹುಳ ತಿನಿಸುತ್ತದೆ. ಚೀನಾ ದೇಶದಲ್ಲಿ ಇದನ್ನು ಮರೆತರು. 1958ರಲ್ಲಿ ಇಲಿ, ನೊಣ, ಸೊಳ್ಳೆಯ ಜೊತೆಗೆ ಗುಬ್ಬಿಯನ್ನೂ ಶತ್ರು ಅಂತ ಸಾರಿ, ತಗಡು ಬಡಿದು, ಕೂಡಲು ಬಿಡದೆ ಹಾರಿಸಿ ಹಾರಿಸಿ ಕೊಂದರು. ಹೊಲದಲ್ಲಿ ಹುಳ ಹೆಚ್ಚಾಯಿತು. 1960ರಲ್ಲಿ ಗುಬ್ಬಿಯ ಹೆಸರು ಪಟ್ಟಿಯಿಂದ ತೆಗೆದು ಅದರ ಜಾಗಕ್ಕೆ ತಿಗಣೆಯನ್ನು ಹಾಕಿದರು. ಅದೇ ದೇಶದ ಪಶ್ಚಿಮದ ತುದಿಯಲ್ಲಿ ಶಿನ್‌ಜಿಯಾಂಗ್ ಅಂತ ಒಂದು ಪ್ರಾಂತ ಇದೆ. ಅಲ್ಲಿ ಈಗ ಒಂದು ಹಕ್ಕಿಗೆ ಸರ್ಕಾರದವರೇ ಗೂಡಿನ ಜಾಗ ಕಟ್ಟಿಕೊಡುತ್ತಾರೆ, ಅದು ಮಿಡತೆ ತಿನ್ನುತ್ತದೆ ಅಂತ. ಯಾವ ಹಕ್ಕಿ ಗೊತ್ತೇನ್ರಿ? ಗುಲಾಬಿ ಕಬ್ಬಕ್ಕಿ. ಬೆನ್ನು ಹೊಟ್ಟೆ ತಿಳಿಗೆಂಪು, ತಲೆ ರೆಕ್ಕೆ ಕಪ್ಪು. ಈ ಜಾತಿಯ ಹಕ್ಕಿಗಳು ಮಧ್ಯ ಏಷ್ಯಾದ ಕಡೆ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ದೇಶಕ್ಕೆ ಇಳಿಯುತ್ತವೆ. ಹಿಂಗಾರಿ ಜೋಳ ಹಾಲುಗಾಳಿಗೆ ಬಂದಾಗ ಮೋಡದಂತೆ ಬಂದು ಬೀಳುವವರು ಇವರೇ. ನಾವು ಅಟ್ಟಣಿಗೆ ಹತ್ತಿ ಕವಣೆ ಬೀಸಿ ಓಡಿಸುವ ಕಳ್ಳ ಅಲ್ಲಿ ಮರ್ಯಾದಸ್ಥ ಅತಿಥಿ.

ಹಾಗಂತ ಕವಣೆ ಬಿಡ್ರಿ ಅಂತ ನಾವು ಹೇಳುವುದಿಲ್ಲ. ಜೋಳ ಹೋದರೆ ಸಂಘದ ಸಾಲ ಹಕ್ಕಿ ಕಟ್ಟುವುದಿಲ್ಲ.

ನವಿಲಿನ ಕಥೆ ಇನ್ನೂ ಕಷ್ಟದ್ದು. 1963ರಿಂದ ಅದು ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಕೊಂದರೆ ಜೈಲು. ನಮ್ಮ ಹಿತ್ತಲಿಗೆ ಮುಂಜಾನೆ ನಾಲ್ಕೈದು ಹೆಣ್ಣು ನವಿಲು ಬಂದು ಮೆಂತ್ಯದ ಮಡಿ ಕೆದರಿ, ಟೊಮ್ಯಾಟೊ ಕುಕ್ಕಿ, ಬಿತ್ತಿದ ಶೇಂಗಾ ಹೆಕ್ಕಿ ಹೋಗುತ್ತವೆ. ಹಾವು ತಿನ್ನುತ್ತದೆ, ಹುಳ ತಿನ್ನುತ್ತದೆ ಅಂತ ಸಮಾಧಾನ ಮಾಡಿಕೊಳ್ಳಬೇಕು. ನಾವು ಮಡಿಯ ಮೇಲೆ ಜಾಲಿಮುಳ್ಳು ಹರವುತ್ತೇವೆ, ಮೊಳಕೆ ನಾಲ್ಕು ಬೆರಳು ಬರುವ ತನಕ ಅಷ್ಟು ಸಾಕು.

ಮಂಗ್ಯಾನ ವಿಷಯ ಮಾತ್ರ ಕೇಳಬೇಡಿರಿ. ಪೇರಲ ಹೋಯಿತು, ನುಗ್ಗೆಯ ಹೂವು ಹೋಯಿತು, ಒಗೆದು ಒಣಹಾಕಿದ ಅಂಗಿಯೂ ಹೋಯಿತು. ಇದಕ್ಕೆ ನಮ್ಮ ಹತ್ತಿರ ಉಪಾಯ ಇಲ್ಲ. ಯಾರ ಹತ್ತಿರ ಆದರೂ ಇದ್ದರೆ ಊಟದ ಹೊತ್ತಿಗೆ ಬಂದು ಹೇಳಿರಿ.

ಇನ್ನು ಈ ದಿನ ನಾವು ಹೇಳಲೇಬೇಕು ಅಂತ ಬಂದ ಮಾತಿಗೆ ಬರುತ್ತೇವೆ. ಇದು ನಮ್ಮ ಮನೆಯಲ್ಲೇ ನಡೆದದ್ದು, ತಪ್ಪು ನಮ್ಮದೇ.

ನಮ್ಮ ಹಿತ್ತಲ ತುದಿಗೆ ಅಜ್ಜನ ಕಾಲದ ಒಂದು ಹಾಳು ಮಾಳಿಗೆ ಇತ್ತು. ಅದರ ಗೋಡೆಯ ತೂತಿನಲ್ಲಿ ಒಂದು ಜೋಡಿ ಗೂಬೆ ಇದ್ದವು. ಕಣಜ ಗೂಬೆ ಅಂತ ಪುಸ್ತಕದ ಹೆಸರು. ಮುಖ ಬೆಳ್ಳಗೆ, ವೀಳ್ಯದೆಲೆಯ ಆಕಾರ. ಹೊತ್ತು ಮುಳುಗಿದ ಮೇಲೆ ಸಪ್ಪಳ ಇಲ್ಲದೆ ಹೊರಬಿದ್ದು ಚೀತ್ಕಾರ ಮಾಡಿ ಹೋಗುತ್ತಿದ್ದವು. ಅವ್ವನಿಗೆ ಕಂಡರೆ ಆಗುತ್ತಿರಲಿಲ್ಲ. “ಗೂಬಿ ಕುಂತ ಮನಿ ಉದ್ಧಾರ ಆಗಂಗಿಲ್ಲೋ ತಮ್ಮಾ, ಮೊದಲು ಓಡ್ಸು ಅದನ್ನ” ಅನ್ನುತ್ತಿದ್ದಳು. ಅಪ್ಪ ಮಾತ್ರ “ಇರ್ಲಿ ಬಿಡು, ಅದು ನಿನ್ನ ರೊಟ್ಟಿ ಕೇಳಾಕ ಬಂದೈತೇನು?” ಅಂತ ನಕ್ಕು ಸುಮ್ಮನಾಗುತ್ತಿದ್ದರು.

ಅಪ್ಪ ತೀರಿಕೊಂಡ ಮರುವರ್ಷ. ಸುಗ್ಗಿ ಮುಗಿದು ಜೋಳದ ಚೀಲ ಪಡಸಾಲೆಗೆ ಬಂದಿದ್ದವು. ಇಲಿ ವಿಪರೀತ. ಪೇಟೆಗೆ ಹೋದಾಗ ಅಂಗಡಿಯವರು ಇಲಿ ಕೇಕ್ ಕೊಟ್ಟರು. “ಇದು ಸಾವಕಾಶ ಕೊಲ್ಲತೈತಿ, ಇಲಿಗೆ ಸಂಶಯ ಬರಂಗಿಲ್ಲ” ಅಂದರು. ನಾವು ಹಿತ್ತಲ ಸುತ್ತ, ಬೇಲಿಯ ಬುಡಕ್ಕೆ, ಬಣವೆಯ ಕೆಳಗೆ, ಧಾರಾಳವಾಗಿ ಇಟ್ಟೆವು. ನಾಲ್ಕನೆಯ ದಿನ ಇಲಿಗಳು ಹಗಲಲ್ಲೇ ಅಮಲು ಬಂದವರಂತೆ ಅಂಗಳದಲ್ಲಿ ಓಡಾಡತೊಡಗಿದವು. ನಮಗೆ ಖುಷಿ. ಮಕ್ಕಳು ಎಣಿಸಿದರು.

ಒಂದು ವಾರದೊಳಗೆ ಒಂದು ಮುಂಜಾನೆ ಬಾವಿಯ ಕಟ್ಟೆಯ ಹತ್ತಿರ ಗೂಬೆ ಬಿದ್ದಿತ್ತು. ರೆಕ್ಕೆ ಹರವಿಕೊಂಡು, ಕೊಕ್ಕಿನಲ್ಲಿ ರಕ್ತ. ನೀರು ಬಿಟ್ಟೆವು, ಕುಡಿಯಲಿಲ್ಲ, ಮಧ್ಯಾಹ್ನಕ್ಕೆ ಸತ್ತಿತು. ಇನ್ನೊಂದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹಾಳು ಮಾಳಿಗೆಯೊಳಗೆ ಮರಿಗಳಿದ್ದವು. ಅವು ಹಸಿವಾದರೆ ಹಾವಿನಂತೆ ಬುಸುಗುಡುತ್ತವೆ. ಎರಡು ರಾತ್ರಿ ಆ ಸದ್ದು ಕೇಳಿದೆವು. ನಿಚ್ಚಣಿಕೆ ಹಾಕಿ ಮೇಲೆ ಹೋದರೆ ಆಯಿತು, ಆದರೆ ಒಳಗೆ ಹಾವೇ ಇದ್ದರೆ ಅಂತ ಅಂಜಿಕೆ, ಮೇಲಾಗಿ ಏನು ತಿನಿಸಬೇಕು ಗೊತ್ತಿಲ್ಲ. ಮೂರನೆಯ ರಾತ್ರಿ ಸದ್ದು ಇರಲಿಲ್ಲ. ಅವ್ವ ಅಂಗಳದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದಳು. “ಬೈತಿದ್ದೆ ಖರೆ, ಸಾಯ್ಲಿ ಅಂದಿರಲಿಲ್ಲೋ” ಅಂದಳು. ಆಮೇಲೆ ಆ ಮಾತು ಎತ್ತಲಿಲ್ಲ.

ಆದದ್ದು ಏನು ಅಂತ ಮುಂದೆ ಕೃಷಿ ಮೇಳದಲ್ಲಿ ಒಬ್ಬರು ತಿಳಿಸಿ ಹೇಳಿದರು. ಆ ಕೇಕಿನಲ್ಲಿ ಇರುವುದು ಬ್ರೊಮಾಡಿಯೋಲೋನ್ ಅಂತ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಒಳಗೊಳಗೇ ರಕ್ತ ಸೋರಿ ಇಲಿ ಸಾಯಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಆ ಇಲಿ ನಡೆದಾಡುವ ವಿಷ. ಮಂಕಾದ ಇಲಿಯೇ ಗೂಬೆಗೆ ಮೊದಲು ಸಿಗುತ್ತದೆ. ನಾಲ್ಕು ತಿಂದರೆ ಅದರ ಮೈಯಲ್ಲೂ ವಿಷ ಕೂಡುತ್ತದೆ. ಬೆಕ್ಕು, ನಾಯಿಗೂ ಇದೇ ಗತಿ.

ಇದು ನಮಗೆ ಹೊಸದಾಗಿ ಕಂಡಿತು, ಆದರೆ ಊರಿಗೆ ಹೊಸದಲ್ಲ. ಹಿರಿಯರು ನೆನಪು ಮಾಡಿಕೊಳ್ಳಿರಿ, ಸತ್ತ ಎತ್ತನ್ನು ಹಳ್ಳದ ದಂಡೆಗೆ ಎಳೆದು ಹಾಕಿದರೆ ರಣಹದ್ದುಗಳು ಇಳಿದು ಸ್ವಚ್ಛ ಮಾಡುತ್ತಿದ್ದವು. ಈಗ ಒಂದಾದರೂ ಕಂಡೀರೇನು? ದನಕ್ಕೆ ನೋವಿಗೆಂದು ಕೊಟ್ಟ ಡೈಕ್ಲೋಫಿನಾಕ್ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡಿಸಿತು. ವಿಜ್ಞಾನಿಗಳು 2004ರಲ್ಲಿ ಇದನ್ನು ತೋರಿಸಿಕೊಟ್ಟರು, ನಮ್ಮ ಸರ್ಕಾರ 2006ರಲ್ಲಿ ದನಗಳಿಗೆ ಆ ಔಷಧ ನಿಷೇಧಿಸಿತು. ಅಷ್ಟರಲ್ಲಿ ದೇಶದ ಹದ್ದುಗಳು ಬಹುತೇಕ ಮುಗಿದಿದ್ದವು. ದನಕ್ಕೆ ಒಳ್ಳೆಯದಾಗಲಿ ಅಂತಲೇ ಕೊಟ್ಟದ್ದು.

ಗೂಬೆ ಹೋದ ಮೇಲೆ ನಮ್ಮ ಮನೆಯಲ್ಲಿ ಏನಾಯಿತು? ಮೊದಲ ತಿಂಗಳು ಇಲಿ ಇರಲಿಲ್ಲ. ಮುಂದಿನ ಮಳೆಗಾಲಕ್ಕೆ ಹೊಲದಿಂದ ಹೊಸ ಇಲಿ ಬಂದವು. ಇಲಿ ಮೂರು ವಾರಕ್ಕೆ ಈಯುತ್ತದೆ, ಒಂದು ಸಲಕ್ಕೆ ಆರೆಂಟು ಮರಿ. ಗೂಬೆ ಹಾಗೆ ಹೆಚ್ಚುವುದಿಲ್ಲ. ಎಂಟು ಚೀಲ ಜೋಳದಲ್ಲಿ ಮೂರು ಚೀಲದ ಕೆಳಮೂಲೆ ತೂತು ಬಿದ್ದವು. ಹಿಂದೆ ಇಷ್ಟು ಹಾನಿ ಆದದ್ದು ಇರಲಿಲ್ಲ, ಅಂದರೆ ರಾತ್ರಿ ಪಾಳಿಯ ಕಾವಲುಗಾರ ಸಂಬಳ ಕೇಳದೆ ದುಡಿಯುತ್ತಿದ್ದ ಅಂತ ಆಗ ತಿಳಿಯಿತು. ಮಲೇಷ್ಯಾ ದೇಶದ ತಾಳೆ ತೋಟಗಳಲ್ಲಿ ಇಲಿಯ ಹಾವಳಿಗೆ ಇದೇ ಗೂಬೆಗೆ ಕಂಬದ ಮೇಲೆ ಮರದ ಪೆಟ್ಟಿಗೆ ಕಟ್ಟಿ ಕರೆಯುತ್ತಾರಂತೆ. ಇಸ್ರೇಲಿನ ರೈತರೂ ಹಾಗೇ ಮಾಡುತ್ತಾರೆ. ನಾವು ಕಲ್ಲು ಬೀಸುತ್ತೇವೆ.

ಇಲಿಗೆ ಏನೂ ಮಾಡಬಾರದು ಅಂತಲ್ಲ. ಚೀಲವನ್ನು ನೆಲಕ್ಕೆ ಇಡದೆ ಹಲಗೆ ಹಾಕಿ ಮೇಲಿಡಿರಿ, ಗೋಡೆಗೆ ತಾಗಿಸಬೇಡಿರಿ. ಸಾಧ್ಯ ಇದ್ದವರು ತಗಡಿನ ಕಣಜ ಮಾಡಿಸಿರಿ. ಬೋನು ಇಡಿರಿ. ವಿಷ ಇಡಲೇಬೇಕಾದರೆ ದಿನಾ ಮುಂಜಾನೆ ಸತ್ತ ಇಲಿ ಹುಡುಕಿ ಮೊಣಕಾಲುದ್ದ ತಗ್ಗು ತೋಡಿ ಹುಗಿಯಿರಿ, ಹಿತ್ತಲಿಗೆ ಎಸೆಯಬೇಡಿರಿ. ತಾಯಂದಿರಿಗೆ ಒಂದು ಮಾತು: ಪೇಸ್ಟಿನಂತೆ ಬರುವ ಇಲಿ ವಿಷ ಒಂದಿದೆ, ಹಳದಿ ರಂಜಕದ್ದು, ಅದಕ್ಕೆ ಪ್ರತಿಮದ್ದು ಇಲ್ಲ. ಅದನ್ನು ಮಕ್ಕಳಿರುವ ಮನೆಯೊಳಗೆ ತರಲೇಬೇಡಿರಿ. ಯಾವುದೇ ವಿಷ ಮಗುವಿನ ಬಾಯಿಗೆ ಹೋಗಿದೆ ಅಂತ ಸಂಶಯ ಬಂದರೂ ಪೊಟ್ಟಣದ ಸಮೇತ ಕೂಡಲೇ ಆಸ್ಪತ್ರೆಗೆ ಓಡಿರಿ.

ಕೇರೆ ಹಾವಿಗೂ ಇದೇ ಮಾತು. ಪಂಚಮಿಗೆ ಹುತ್ತಕ್ಕೆ ಹಾಲೆರೆದು ಮರುದಿನ ಬಣವೆಯಲ್ಲಿ ಕಂಡ ಕೇರೆಗೆ ಬಡಿಗೆ ಎತ್ತುತ್ತೇವೆ. ಅದಕ್ಕೆ ವಿಷ ಇಲ್ಲ, ಅದರ ಊಟ ಇಲಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಆ ಕಡುಬು, ಆ ಭರ್ತ, ಭೂತಾಯಿಯ ಹೆಸರಿನಲ್ಲಿ ಚೆಲ್ಲಿದರೂ ತಿನ್ನುವವರು ಹಕ್ಕಿ, ಇರುವೆ, ಅಳಿಲುಗಳೇ. ಹಿರಿಯರು ಅವರ ಪಾಲು ಲೆಕ್ಕದಲ್ಲಿ ಇಟ್ಟೇ ಇದನ್ನು ಮಾಡಿದ್ದಾರೆ ಅಂತ ನಮ್ಮ ತಿಳಿವಳಿಕೆ.

ಈಗ ಗೋದಾಮಿನ ಮಾತು. ಬೆಳ್ಳಿ ಹಬ್ಬದ ನೆನಪಿಗೆ ಗೋದಾಮು ಹಿಗ್ಗಿಸಬೇಕು ಅಂತ ಆಡಳಿತ ಮಂಡಳಿಯಲ್ಲಿ ಮಾತು ಬಂದಿದೆ. ಹಿಂದಿನ ಹಳೇ ಬೇವಿನ ಮರ ಕಡಿದರೆ ಲಾರಿ ತಿರುಗಿಸಲು ಸಲೀಸು ಅನ್ನುತ್ತಾರೆ. ಅನ್ನುವವರು ತಪ್ಪು ಹೇಳುತ್ತಿಲ್ಲ, ಲಾರಿಗೆ ಜಾಗ ಬೇಕೇ ಬೇಕು. ಆದರೆ ಆ ಮರದ ಪೊಟರೆಯಲ್ಲಿ ಎರಡು ವರ್ಷದಿಂದ ಒಂದು ಜೋಡಿ ಕಣಜ ಗೂಬೆ ಇವೆ. ನಾವು ಅಳೆದು ನೋಡಿದ್ದೇವೆ. ಹೊಸ ಕೋಣೆಯನ್ನು ಪೂರ್ವಕ್ಕೆ ಹಿಗ್ಗಿಸಿದರೆ ಮರವೂ ಉಳಿಯುತ್ತದೆ, ಲಾರಿಯೂ ತಿರುಗುತ್ತದೆ. ಗೋಡೆ ಹನ್ನೆರಡು ಅಡಿ ಹೆಚ್ಚು ಬೀಳುತ್ತದೆ, ಅಷ್ಟು ಖರ್ಚು ಹೌದು. ಮಂಡಳಿಯಲ್ಲಿ ನಾವು ಒಬ್ಬರೇ ಇದನ್ನು ಹೇಳಿದೆವು, “ಗೂಬಿ ಸಲುವಾಗಿ ಗೋಡಿ ಕಟ್ಟಬೇಕೇನ್ರಿ?” ಅಂದರು. ಆದ್ದರಿಂದ ಸರ್ವಸಾಧಾರಣ ಸಭೆಯಲ್ಲಿ ನಿಮ್ಮೆಲ್ಲರ ಮುಂದೆ ಇಡುತ್ತೇವೆ.

ಅಲ್ಲೀತನಕ ಒಂದು ಕೆಲಸ ಮಾಡಿರಿ. ಗೊಬ್ಬರಕ್ಕೆ ಬಂದವರು ಹಾಗೇ ಹಿಂದೆ ಹೋಗಿ ಆ ಬೇವಿನ ಬುಡದಲ್ಲಿ ನೋಡಿರಿ. ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಹೊಲಸಲ್ಲ, ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಕರಗದ ಕೂದಲು ಎಲುಬನ್ನು ಉಂಡೆ ಮಾಡಿ ಕಾರುತ್ತದೆ. ನೀರಿನಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ ಒಳಗೆ ಇಲಿಯ ತಲೆಬುರುಡೆ, ಹಲ್ಲು ಸಮೇತ ಸಿಗುತ್ತದೆ. ಹೋದ ಅಮಾವಾಸ್ಯೆಯಿಂದ ಈ ಅಮಾವಾಸ್ಯೆ ತನಕ ನಮ್ಮ ಮಗ ಆರಿಸಿದ್ದು ಐವತ್ತೆರಡು ಬುರುಡೆ, ಒಂದು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದಾನೆ. ಸಭೆಯ ದಿನ ಆ ಡಬ್ಬಿಯನ್ನು ಮಂಡಳಿಯ ಮೇಜಿನ ಮೇಲೆ, ಜಮಾಖರ್ಚಿನ ಪುಸ್ತಕದ ಪಕ್ಕಕ್ಕೆ ಇಡುತ್ತೇವೆ.