ಗುಲಗಂಜಿ ತೂಗಿ ನೋಡಿ

ಪುಣೆಯ ಜುನಾ ಬಜಾರಿನ ಗುಜರಿಯಲ್ಲಿ ಪ್ರಯೋಗಾಲಯದ ಹಳೇ ಎಲೆಕ್ಟ್ರಾನಿಕ್ ತಕ್ಕಡಿ, ಮಿಲಿಗ್ರಾಂವರೆಗೂ ತೋರಿಸುವಂಥದ್ದು, ಸಿಕ್ಕರೆ ಏನು ಮಾಡ್ತೀರಿ? ಮೊದಲು ಅದನ್ನು ನಂಬಬೇಡಿ. ಅದು ಅಳೆಯುವುದು ಭೂಮಿಯ ಸೆಳೆತವನ್ನು. ಬೆಂಗಳೂರಲ್ಲಿ ಸರಿಮಾಡಿದ್ದನ್ನು ಹಾಗೇ ಇಲ್ಲಿಗೆ ತಂದರೆ 100 ಗ್ರಾಂಗೆ ಹತ್ತಾರು ಮಿಲಿಗ್ರಾಂ ಹೆಚ್ಚೇ ತೋರಿಸೀತು! ಹಾಗಾಗಿ ಖಾತ್ರಿಯಾದ ತೂಕದ ಬಟ್ಟು ಇಟ್ಟು ಮನೆಯಲ್ಲೇ ಸರಿಮಾಡಿಕೊಳ್ಳಿ. ಅಡುಗೆಕಟ್ಟೆಯ ಕಲ್ಲಿನ ಮೇಲಿಡಿ, ಫ್ಯಾನ್ ನಿಲ್ಲಿಸಿ.

ಕರ್ಪೂರದ ಬಿಲ್ಲೆಯೊಂದನ್ನು ತೆರೆದಿಟ್ಟು ಗಂಟೆಗೊಮ್ಮೆ ತೂಗಿ. ಹಚ್ಚದೆಯೇ ಎಷ್ಟು ಗಾಳಿಗೆ ಸೇರಿತು ಅಂತ ಮಕ್ಕಳೇ ಲೆಕ್ಕ ಹೇಳ್ತಾರೆ.

ನನಗೆ ಹೆಚ್ಚು ಇಷ್ಟ ಗುಲಗಂಜಿ. ಹಿಂದೆ ಚಿನ್ನ ತೂಗುತ್ತಿದ್ದದ್ದು ಇದರಲ್ಲೇ ಅಲ್ಲವೇ? 11.66 ಗ್ರಾಂನ ತೊಲಕ್ಕೆ 96 ಗುಂಜಿ ಅನ್ನುವ ಲೆಕ್ಕ ಹಿಡಿದರೆ, ಒಂದಕ್ಕೆ ಸುಮಾರು 121 ಮಿಲಿಗ್ರಾಂ. ಇಪ್ಪತ್ತು ಕಾಳು ಒಂದೊಂದಾಗಿ ತೂಗಿ. ಒಂದರಂತೆ ಇನ್ನೊಂದು ಇರದು. ಅಜ್ಜಿಯ ಓಲೆಯಲ್ಲಿ ಆ ವ್ಯತ್ಯಾಸ ಕೊಟ್ಟವರ ಪಾಲಾಯಿತೋ, ಕೊಂಡವರ ಪಾಲಾಯಿತೋ, ನೀವೇ ಗುಣಿಸಿ ನೋಡಿ. ಒಂದು ಮಾತು, ಗುಲಗಂಜಿ ವಿಷ. ಪುಟ್ಟ ಮಕ್ಕಳಿಂದ ದೂರವಿಡಿ. ಎಣಿಸಿ ಹೊರತೆಗೆದು, ಎಣಿಸಿಯೇ ಡಬ್ಬಿಗೆ ಹಾಕಿ.